ಸುದ್ದಿಯಲ್ಲಿ ನೆರೆಯವರ ಬಣ್ಣ

ಯಾವುದಾದರೂ ಊರಿನಿಂದ ಒಂದು ಕೊಲೆಯ, ಒಂದು ಗಲಭೆಯ, ಒಂದು ಸಾಂಕ್ರಾಮಿಕ ರೋಗದ ಸುದ್ದಿ ಬಂದಾಗ ನಾವು ಮೊದಲು ಕೇಳುವುದು "ಏನಾಯಿತಂತೆ?" ಎಂದು. ಅದಕ್ಕೆ ಉತ್ತರ ಸಿಗುವ ಮೊದಲೇ ಇನ್ನೊಂದು ಪ್ರಶ್ನೆ ನಾಲಗೆಯ ತುದಿಗೆ ಬಂದು ನಿಂತಿರುತ್ತದೆ: "ಯಾವ ಪೈಕಿಯವರಂತೆ?" ಮೊದಲನೆಯ ಪ್ರಶ್ನೆ ಘಟನೆಯನ್ನು ತಿಳಿಯುವುದಕ್ಕೆ. ಎರಡನೆಯದು ಯಾರ ಮೇಲೆ ಸಿಟ್ಟಾಗಬೇಕು, ಯಾರಿಗಾಗಿ ಮರುಗಬೇಕು ಎಂದು ತೀರ್ಮಾನಿಸುವುದಕ್ಕೆ.

ಈ ಎರಡು ಪ್ರಶ್ನೆಗಳ ನಡುವೆ ಪತ್ರಕರ್ತರು ನಿಂತಿದ್ದಾರೆ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕೇ, ಬಿಡಬೇಕೇ? ಕೊಟ್ಟರೆ ಕಿಚ್ಚು ಹಚ್ಚಿದರೆಂಬ ಅಪವಾದ, ಕೊಡದಿದ್ದರೆ ಸತ್ಯ ಮುಚ್ಚಿಟ್ಟರೆಂಬ ಅಪವಾದ. ಇದು ಪತ್ರಿಕಾ ಕಚೇರಿಗೆ ಮಾತ್ರ ಸೇರಿದ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ದೇವರ ಎಂಟನೆಯ ಕಟ್ಟಳೆ ಬರೆಯುವವರಿಗೆ ಎಷ್ಟು ಅನ್ವಯಿಸುತ್ತದೆಯೋ, ಓದಿ ಇನ್ನೊಬ್ಬರಿಗೆ ಹೇಳುವ ನಮಗೂ ಅಷ್ಟೇ ಅನ್ವಯಿಸುತ್ತದೆ.

ನಮ್ಮ ದಾರಿಯ ಜನ

'ಜನಾಂಗಭೇದ' ಎಂದೊಡನೆ ಅಮೆರಿಕ ಅಥವಾ ದಕ್ಷಿಣ ಆಫ್ರಿಕದ ಹೆಸರು ಹೇಳಿ, ಅದು ನಮ್ಮಲ್ಲಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರುಂಟು. ಅಂಥವರು ಶಿರಸಿಯಿಂದ ಮುಂಡಗೋಡದ ಕಡೆ ಹೊರಟ ಬಸ್ಸು ಎಕ್ಕಂಬಿಯಲ್ಲಿ ನಿಂತಾಗ ಒಮ್ಮೆ ಒಳಗೆ ಕಣ್ಣು ಹಾಯಿಸಬೇಕು. ಅಡಿಕೆ ತೋಟದ ಹೆಗಡೆಯವರು, ಗದ್ದೆಯ ಗೌಡರು, ಗೌಳಿ ಹೆಂಗಸು, ಸಂತೆಗೆ ಹೊರಟ ಮುಸ್ಲಿಂ ವ್ಯಾಪಾರಿ, ಕಾವಿಬಣ್ಣದ ಉಡುಪಿನ ಟಿಬೆಟನ್ ಸನ್ಯಾಸಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ಸಿದ್ದಿ ತಾಯಿ, ಎಲ್ಲರೂ ಒಂದೇ ಬಸ್ಸಿನಲ್ಲಿ ಕುಲುಕಾಡುತ್ತಿರಬಹುದು. ಮುಂಡಗೋಡದಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಆರಂಭವಾದದ್ದು 1966ರಲ್ಲಿ. ಅಲ್ಲಿ ಹುಟ್ಟಿ ಬೆಳೆದು ಕನ್ನಡ ಕಲಿತವರನ್ನೂ ಪೇಟೆಯ ಹುಡುಗರು 'ಚೀನಾದವರು' ಎಂದು ಕೂಗಿ ಕರೆಯುವುದುಂಟು. ಚೀನಾದ ಆಳ್ವಿಕೆಯಿಂದಲೇ ತಪ್ಪಿಸಿಕೊಂಡು ಬಂದವರ ಮಕ್ಕಳಿಗೆ ಈ ಹೆಸರು ಎಷ್ಟು ಚುಚ್ಚುತ್ತದೆಂದು ಕೂಗುವವರಿಗೆ ತಿಳಿಯದು.

ಸಿದ್ದಿಗಳ ಕಥೆ ಇನ್ನೂ ಹಳೆಯದು. ಹದಿನಾರನೆಯ ಶತಮಾನದಿಂದ ಪೋರ್ಚುಗೀಸರೂ ಅರಬ್ ವರ್ತಕರೂ ಆಫ್ರಿಕದಿಂದ ಗೋವಾ ಮತ್ತು ಪಶ್ಚಿಮ ಕರಾವಳಿಗೆ ಗುಲಾಮರನ್ನಾಗಿ ತಂದ ಜನರ ಸಂತತಿಯವರು ಇವರು. ದಾಸ್ಯದಿಂದ ಬಿಡುಗಡೆ ಪಡೆದವರು, ಓಡಿಬಂದವರು ನಮ್ಮ ಘಟ್ಟದ ಕಾಡುಗಳಲ್ಲಿ ಆಶ್ರಯ ಪಡೆದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ತಾಲೂಕುಗಳಲ್ಲಿ ಅವರ ಮನೆಗಳಿವೆ. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕಥೋಲಿಕರೂ ಇದ್ದಾರೆ. ಅಂದರೆ, ಒಂದೇ ಪೀಠದ ಮುಂದೆ ಮೊಣಕಾಲೂರಿ ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುವ ನಮ್ಮ ಸಹೋದರ ಸಹೋದರಿಯರೂ ಈ ಜನಾಂಗದಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ.

ಇಷ್ಟು ಶತಮಾನ ಇಲ್ಲಿಯ ಮಣ್ಣಿನಲ್ಲಿ ಬಾಳಿದವರ ಬಗ್ಗೆ ಪತ್ರಿಕೆಗಳು ಬರೆಯುವ ರೀತಿ ಹೇಗೆ? ಮೊದಲ ಸಾಲಿನಲ್ಲೇ ಗುಂಗುರು ಕೂದಲು, ಎರಡನೆಯ ಸಾಲಿನಲ್ಲಿ ಮೈಬಣ್ಣ, ಮೂರನೆಯ ಸಾಲಿನಲ್ಲಿ ಆಫ್ರಿಕ, ಕೊನೆಗೆ ಕುಣಿತದ ಒಂದು ಚಿತ್ರ. ಕಾಡಿನ ಅಂಚಿನ ಜಮೀನಿನ ಹಕ್ಕು, ಶಾಲೆ ಬಿಟ್ಟ ಮಕ್ಕಳು, ದೂರದ ಆಸ್ಪತ್ರೆ, ಕೂಲಿಯ ಲೆಕ್ಕ, ಇವು ಸುದ್ದಿಯಾಗುವುದು ಅಪರೂಪ. ಬರೆದವರಲ್ಲಿ ದ್ವೇಷವಿದೆ ಎಂದಲ್ಲ, ಕುತೂಹಲವಿದೆ. ಆದರೆ ನೆರೆಯವರನ್ನು ಬರೀ ಕುತೂಹಲದಿಂದ ನೋಡುತ್ತಾ ಹೋದರೆ ಅವರು ನಮ್ಮ ಕಣ್ಣಿಗೆ ಎಂದೆಂದಿಗೂ ಹೊರಗಿನವರಾಗಿಯೇ ಉಳಿಯುತ್ತಾರೆ. ಶಾಂತಿಯ ಕಾಲದಲ್ಲಿ ಇದು ಸಣ್ಣ ದೋಷ. ಸಂಕಟದ ಕಾಲದಲ್ಲಿ ಇದೇ ದೊಡ್ಡ ಅಪಾಯ.

ಹೇಳಲೇಬೇಕಾಗಿದ್ದ ಬಣ್ಣ

2016ರ ಜನವರಿ 31ರ ಸಂಜೆ ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬರ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟರು. ಜನ ಸೇರಿದರು, ಸಿಟ್ಟಾದರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದವರು ಟಾಂಜಾನಿಯದ ಒಬ್ಬ ವಿದ್ಯಾರ್ಥಿನಿ ಮತ್ತು ಅವರ ಸ್ನೇಹಿತರು. ಅಪಘಾತಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಗುಂಪು ಅವರನ್ನು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಸುದ್ದಿ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಕೆಲವು ದಿನಗಳ ನಂತರ. ಆಗ ರಾಜ್ಯದ ಗೃಹಮಂತ್ರಿಗಳಾಗಿದ್ದ ಜಿ. ಪರಮೇಶ್ವರ ಅವರು, ಇದು ಜನಾಂಗೀಯ ಹಲ್ಲೆಯಲ್ಲ, ಅಪಘಾತದಿಂದ ಕೆರಳಿದ ಜನರ ಪ್ರತಿಕ್ರಿಯೆ ಎಂಬ ಅರ್ಥದ ಹೇಳಿಕೆ ಕೊಟ್ಟರು.

ಈಗ ವರದಿಗಾರರ ಕಷ್ಟ ನೋಡಿ. ಮಂತ್ರಿಗಳ ಮಾತನ್ನು ಹಾಗೆಯೇ ಬರೆದು 'ಅಪಘಾತ: ಉದ್ರಿಕ್ತ ಗುಂಪಿನಿಂದ ಹಲ್ಲೆ' ಎಂದು ತಲೆಬರಹ ಕೊಟ್ಟರೆ ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಆದರೂ ಇಡೀ ವರದಿ ಸುಳ್ಳು. ಏಕೆಂದರೆ, ಸುಡಾನಿನ ಆ ಚಾಲಕನನ್ನು ಟಾಂಜಾನಿಯದ ಈ ವಿದ್ಯಾರ್ಥಿನಿಗೆ ಜೋಡಿಸುವ ಒಂದೇ ಒಂದು ದಾರವೆಂದರೆ ಮೈಬಣ್ಣ. ದೇಶ ಬೇರೆ, ಕಾರು ಬೇರೆ, ಹೊತ್ತು ಬೇರೆ. ಬಣ್ಣವನ್ನು ತೆಗೆದುಬಿಟ್ಟರೆ ಘಟನೆಯೇ ಅರ್ಥವಾಗುವುದಿಲ್ಲ. ಇಲ್ಲಿ ಬಣ್ಣವೇ ಕಾರಣ. ಕಾರಣವನ್ನು ಬಿಟ್ಟು ಬರೆಯುವುದು, ಪೆಟ್ಟು ತಿಂದವರಿಗೆ ಎರಡನೆಯ ಬಾರಿ ಪೆಟ್ಟು ಕೊಟ್ಟಂತೆ.

ಅದೇ ಪ್ರಕರಣದಲ್ಲಿ ಇನ್ನೊಂದು ಕಷ್ಟವೂ ಇತ್ತು. ವಿದ್ಯಾರ್ಥಿನಿಯನ್ನು ವಿವಸ್ತ್ರಗೊಳಿಸಿ ನಡೆಸಿದರೆಂದು ಮೊದಲ ವರದಿಗಳು ಹೇಳಿದವು. ಸರಕಾರ ಅದನ್ನು ಅಲ್ಲಗಳೆಯಿತು. ಹೇಳಿಕೆಗಳ ಆ ಜಗ್ಗಾಟದಲ್ಲಿ ಮುಖ್ಯವಾದದ್ದೇ ಹಿಂದೆ ಸರಿಯಿತು. ಸತ್ಯದಲ್ಲಿ ಒಂದು ಅಂಶ ಸಂದೇಹಕ್ಕೊಳಗಾದರೆ ಸಾಕು, ಇಡೀ ಸತ್ಯವನ್ನೇ ತಳ್ಳಿಹಾಕಲು ಕಾದಿರುವವರು ಇರುತ್ತಾರೆ. ಆದ್ದರಿಂದ ನೊಂದವರ ಪರವಾಗಿ ಬರೆಯುವವರೇ ಹೆಚ್ಚು ಎಚ್ಚರದಿಂದ ಬರೆಯಬೇಕು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ದಯೆಯುಳ್ಳವರಿಗೂ ಅನ್ವಯಿಸುತ್ತದೆ.

ನಮ್ಮ ಕಡೆಯ ಓದುಗರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಆ ಸಂಜೆ ಆ ದಾರಿಯಲ್ಲಿ ಯಲ್ಲಾಪುರದಿಂದ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಸಿದ್ದಿ ತರುಣರೊಬ್ಬರು ನಡೆದು ಬಂದಿದ್ದರೆ? ಅವರ ಬಾಯಿಯಿಂದ ಬರುವ ಕನ್ನಡವನ್ನು ಕೇಳಿಸಿಕೊಳ್ಳಲು ಆ ಗುಂಪಿಗೆ ಪುರಸೊತ್ತು ಇರುತ್ತಿತ್ತೇ?

ಹೇಳಬಾರದಾಗಿದ್ದ ಹೆಸರು

ಇನ್ನು ಇದಕ್ಕೆ ಎದುರಾದ ಪ್ರಸಂಗಗಳು. 2020ರಲ್ಲಿ ಕೊರೋನಾ ಬಂದಾಗ ರೋಗಕ್ಕೆ ಜನಾಂಗವಿರಲಿಲ್ಲ, ಧರ್ಮವಿರಲಿಲ್ಲ. ಆದರೂ ಸುದ್ದಿಯಲ್ಲಿ ಎರಡೂ ಬಂದವು. ಮಾರ್ಚ್ ತಿಂಗಳ ಕೊನೆಯಲ್ಲಿ ಮೈಸೂರಿನಲ್ಲಿ ನಾಗಾಲ್ಯಾಂಡಿನ ಇಬ್ಬರು ತರುಣರನ್ನು ಮುಖ ನೋಡಿಯೇ ದಿನಸಿ ಅಂಗಡಿಯ ಒಳಗೆ ಬಿಡಲಿಲ್ಲ. ಈಶಾನ್ಯ ರಾಜ್ಯಗಳ ಜನರಿಗೆ ಕಿರುಕುಳವಾಗದಂತೆ ನೋಡಿಕೊಳ್ಳಿ ಎಂದು ಕೇಂದ್ರ ಗೃಹ ಮಂತ್ರಾಲಯ ಅದೇ ತಿಂಗಳು ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ದೆಹಲಿಯ ತಬ್ಲೀಗಿ ಸಭೆಯ ನಂತರವಂತೂ ಕೆಲವು ವಾಹಿನಿಗಳು ರೋಗಿಗಳ ಲೆಕ್ಕವನ್ನು ಒಂದು ಧರ್ಮದ ಹೆಸರಿನಲ್ಲಿ ಕೊಡತೊಡಗಿದವು. ಸಭೆ ನಡೆದದ್ದು ನಿಜ, ಅಲ್ಲಿಂದ ಸೋಂಕು ಹರಡಿದ್ದೂ ನಿಜ. ಆದರೆ ಸಭೆಗೆ ಹೋಗದ, ಅದರ ಹೆಸರನ್ನೂ ಕೇಳದ ಹಣ್ಣಿನ ವ್ಯಾಪಾರಿಯ ಗಾಡಿಯನ್ನು ಓಣಿಯೊಳಗೆ ಬಿಡದಿರಲು ಆ ನಿಜ ಹೇಗೆ ಕಾರಣವಾಯಿತು? ಆ ಪ್ರಸಾರಗಳ ಬಗ್ಗೆ ಬಂದ ದೂರುಗಳನ್ನು ವಿಚಾರಿಸಿ, ಸುದ್ದಿವಾಹಿನಿಗಳೇ ರಚಿಸಿಕೊಂಡ ಮಾನದಂಡ ಪ್ರಾಧಿಕಾರವು ಎರಡು ಕನ್ನಡ ವಾಹಿನಿಗಳಿಗೆ ದಂಡ ವಿಧಿಸಿತು. ಅದು 2021ರ ಜೂನ್‌ನಲ್ಲಿ. ತಪ್ಪು ಒಂದು ಸಂಜೆಯಲ್ಲಿ ಮನೆಮನೆ ಮುಟ್ಟಿತ್ತು. ತೀರ್ಪು ಬರಲು ಒಂದು ವರ್ಷ ದಾಟಿತು. ಎಷ್ಟು ಮನೆಗಳಿಗೆ ಅದು ಮುಟ್ಟಿತು?

ಕಥೋಲಿಕ ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥವು ಎಂಟನೆಯ ಕಟ್ಟಳೆಯನ್ನು ವಿವರಿಸುವಾಗ ಮೂರು ಪಾಪಗಳನ್ನು ಬೇರೆಬೇರೆಯಾಗಿ ಹೇಳುತ್ತದೆ. ಸಾಕಷ್ಟು ಆಧಾರವಿಲ್ಲದೆ ಒಬ್ಬರ ದೋಷವನ್ನು ನಿಜವೆಂದು ನಂಬಿಬಿಡುವುದು ಒಂದು. ಸುಳ್ಳು ಹೇಳಿ ಒಬ್ಬರ ಮಾನ ಕಳೆಯುವುದು ಇನ್ನೊಂದು. ಮೂರನೆಯದನ್ನು ನಾವು ಸಾಮಾನ್ಯವಾಗಿ ಪಾಪವೆಂದೇ ಎಣಿಸುವುದಿಲ್ಲ: ಒಬ್ಬರ ದೋಷ ನಿಜವೇ ಆಗಿದ್ದರೂ, ತಕ್ಕ ಕಾರಣವಿಲ್ಲದೆ ಅದನ್ನು ತಿಳಿಯದವರಿಗೆ ತಿಳಿಸುವುದು. "ನಾನೇನು ಸುಳ್ಳು ಹೇಳಿದೆನೇ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ" ಎಂಬ ಸಮರ್ಥನೆ ಇಲ್ಲಿ ನಿಲ್ಲುವುದಿಲ್ಲ. ನಿಜವಾದ ಮಾತಿಗೂ ಒಂದು ಕಾರಣ ಬೇಕು.

'ಆಫ್ರಿಕಾ ಪ್ರಜೆ ಬಂಧನ' ಎಂಬ ತಲೆಬರಹವನ್ನು ನಾವೆಲ್ಲ ಓದಿದ್ದೇವೆ. ಆಫ್ರಿಕ ಒಂದು ದೇಶವಲ್ಲ. 54 ದೇಶಗಳ ಖಂಡ. ಅಲ್ಲಿಯ 'ಪ್ರಜೆ' ಎಂಬವರು ಯಾರೂ ಇಲ್ಲ. ಮಾದಕ ವಸ್ತು ಮಾರಿದ ಒಬ್ಬ ವ್ಯಕ್ತಿಯ ಅಪರಾಧವನ್ನು ಆ ಎರಡು ಶಬ್ದಗಳು ಇಡೀ ಖಂಡದ ಮೇಲೆ ಹೊರಿಸುತ್ತವೆ. ನಮ್ಮ ಜಿಲ್ಲೆಯವರೊಬ್ಬರು ಕೊಲ್ಲಿಯ ದೇಶದಲ್ಲಿ ಅಪರಾಧ ಮಾಡಿದರೆ ಅಲ್ಲಿಯ ಪತ್ರಿಕೆ 'ಏಷ್ಯಾ ಪ್ರಜೆ' ಎಂದು ಬರೆದರೆ ನಮಗೆ ಹೇಗನಿಸೀತು?

ಅವಸರದ ಒಂದು ವಾರ

ಹೊನ್ನಾವರ, ಕುಮಟಾ, ಶಿರಸಿಯ ಜನ 2017ರ ಡಿಸೆಂಬರನ್ನು ಮರೆತಿಲ್ಲ. ಅದು ಜನಾಂಗದ ಪ್ರಶ್ನೆಯಲ್ಲ, ಕೋಮಿನ ಪ್ರಶ್ನೆ. ಆದರೆ ಪತ್ರಕರ್ತರ ಮುಂದಿನ ಪರೀಕ್ಷೆ ಅದೇ ಆಗಿತ್ತು. ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆಯಾಯಿತು. ಆಗ ಕಾಣೆಯಾದ ತರುಣರೊಬ್ಬರ ದೇಹ 8ರಂದು ಅಲ್ಲಿಯ ಕೆರೆಯಲ್ಲಿ ಸಿಕ್ಕಿತು. ಮೈಮೇಲೆ ಚಿತ್ರಹಿಂಸೆಯ ಗುರುತುಗಳಿವೆ ಎಂಬ ಮಾತು ಕಾಡ್ಗಿಚ್ಚಿನಂತೆ ಹಬ್ಬಿತು. ವಿಧಿವಿಜ್ಞಾನ ವೈದ್ಯರ ಉತ್ತರಗಳನ್ನು ಮುಂದಿಟ್ಟು ಪೊಲೀಸರು ಅದನ್ನು ಅಲ್ಲಗಳೆದರೂ ಕೇಳುವವರಿರಲಿಲ್ಲ. 11ರಂದು ಕುಮಟಾದಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ವಾಹನ ಸುಟ್ಟುಹೋಯಿತು. 12ರಂದು ಶಿರಸಿಯ ಬೀದಿಗಳಲ್ಲಿ ಕಲ್ಲುಗಳು ಹಾರಿದವು. ಪ್ರಕರಣ ಸಿಬಿಐಗೆ ಹೋಯಿತು. ಸುಮಾರು ಐದು ವರ್ಷಗಳ ನಂತರ, 2022ರಲ್ಲಿ, ಅದು ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಆ ವರದಿಯನ್ನು ಒಪ್ಪದವರೂ ಇದ್ದಾರೆ. ಮಗನನ್ನು ಕಳೆದುಕೊಂಡ ಮನೆಯ ದುಃಖಕ್ಕೆ ಯಾವ ವರದಿಯೂ ಮದ್ದಲ್ಲ. ಆದರೆ ಒಂದಂತೂ ಸ್ಪಷ್ಟ: ಕಲ್ಲು ಬೀಸಿದ ಆ ವಾರದಲ್ಲಿ ಬೀಸಿದವರಲ್ಲಿ ಯಾರಿಗೂ ಸಾವಿನ ಕಾರಣ ಗೊತ್ತಿರಲಿಲ್ಲ.

ಅಂಥ ವಾರದಲ್ಲಿ ತಾಲೂಕಿನ ವರದಿಗಾರರ ಸ್ಥಿತಿಯನ್ನು ಊಹಿಸಿಕೊಳ್ಳಿ. ಅವರಲ್ಲಿ ಹೆಚ್ಚಿನವರು ಪೂರ್ಣಾವಧಿ ಸಂಬಳದವರಲ್ಲ. ಜಾಹೀರಾತು ತಂದುಕೊಟ್ಟು, ಜೊತೆಗೆ ಬೇರೆ ಉದ್ಯೋಗ ಮಾಡಿಕೊಂಡು ಬದುಕುವವರು. ಕಲ್ಲು ಬೀಸಿದವರೂ ಪೆಟ್ಟು ತಿಂದವರೂ ಅವರ ಪರಿಚಯದವರೇ. ನಾಳೆ ಬೆಳಿಗ್ಗೆ ಅದೇ ಪೇಟೆಯಲ್ಲಿ ಹಾಲು ತರಲು ಹೋಗಬೇಕು. ಹೊರಗಿನಿಂದ ಬರುವ ಮಾಹಿತಿಯೆಂದರೆ ಪೊಲೀಸ್ ಠಾಣೆಯ ಒಂದು ಚೀಟಿ, ಮುಖಂಡರ ಒಂದು ಹೇಳಿಕೆ. ಅವರು ಕಳಿಸಿದ ಸುದ್ದಿಗೆ ತಲೆಬರಹ ಕೊಡುವವರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕುಳಿತಿರುತ್ತಾರೆ. ಇಲ್ಲಿ ಎಚ್ಚರದಿಂದ ಬರೆದ ಹತ್ತು ಸಾಲುಗಳನ್ನು ಅಲ್ಲಿ ಕೊಟ್ಟ ಒಂದು ತಲೆಬರಹ ಹಾಳುಮಾಡಬಲ್ಲದು. ಈ ನಡುವೆ ವರದಿಗಾರರ ಮೊಬೈಲಿನಲ್ಲಿ ಜನರ ಪ್ರಶ್ನೆ: "ನೀವು ಯಾಕೆ ಇನ್ನೂ ಹಾಕಿಲ್ಲ? ನಿಮಗೆಷ್ಟು ಕೊಟ್ಟಿದ್ದಾರೆ?"

ಠಾಣೆಯ ಚೀಟಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 2020ರ ಮೇ 25ರಂದು ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಸತ್ತಾಗ, ಬಂಧನದ ವೇಳೆ ಅವರ ಆರೋಗ್ಯ ಕೆಟ್ಟಿತು ಎಂಬಂತೆ ಪೊಲೀಸರ ಮೊದಲ ಪ್ರಕಟಣೆ ಇತ್ತು. ಅಧಿಕಾರಿಯ ಮೊಣಕಾಲು ಅವರ ಕುತ್ತಿಗೆಯ ಮೇಲಿದ್ದುದು ಲೋಕಕ್ಕೆ ತಿಳಿದದ್ದು, ದಾರಿಯಲ್ಲಿ ನಿಂತಿದ್ದ ಹದಿನೇಳು ವರ್ಷದ ಹುಡುಗಿಯೊಬ್ಬರು ಫೋನಿನಲ್ಲಿ ಹಿಡಿದ ಚಿತ್ರದಿಂದ. ಮುಂದಿನ ವರ್ಷ ಪುಲಿಟ್ಜರ್ ಮಂಡಳಿ ಆ ಹುಡುಗಿಗೆ ವಿಶೇಷ ಗೌರವ ನೀಡಿತು. ವರದಿಗಾರರು ಕೇಳಬೇಕಾಗಿದ್ದ ಪ್ರಶ್ನೆಯನ್ನು ಒಬ್ಬ ಬಾಲಕಿಯ ಕಣ್ಣು ಕೇಳಿತ್ತು.

ಸುದ್ದಿಯೇ ಬೆಂಕಿಯಾದಾಗ

ಕೆಲವೊಮ್ಮೆ ನಿಜವನ್ನು ತೋರಿಸುವುದೇ ಅಪಾಯವನ್ನು ಹೆಚ್ಚಿಸುತ್ತದೆ. 2012ರ ಜುಲೈಯಲ್ಲಿ ಅಸ್ಸಾಮಿನ ಕೊಕ್ರಜಾರ್ ಕಡೆ ಗಲಭೆಗಳಾದವು. ಅದಕ್ಕೆ ಸೇಡಾಗಿ ಬೆಂಗಳೂರಿನಲ್ಲಿರುವ ಈಶಾನ್ಯದ ಜನರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹರಿದಾಡಿತು. ಆಗಸ್ಟ್ 15ರ ಹೊತ್ತಿಗೆ ಸಾವಿರಾರು ಜನ ಗುವಾಹಟಿಯ ರೈಲು ಹತ್ತಲು ನಿಲ್ದಾಣದಲ್ಲಿ ಮುಗಿಬಿದ್ದರು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನು ಓಡಿಸಿತು. ಕೇಂದ್ರ ಸರಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ಹದಿನೈದು ದಿನಗಳ ನಿರ್ಬಂಧ ಹಾಕಿತು.

ನಿಲ್ದಾಣದ ನೂಕುನುಗ್ಗಲಿನ ಚಿತ್ರ ಸುಳ್ಳಲ್ಲ. ಆದರೆ ಅದನ್ನು ಗಂಟೆಗಟ್ಟಲೆ ತೋರಿಸಿದರೆ, ಅದುವರೆಗೆ ಹೆದರದೆ ಕೋಣೆಯಲ್ಲಿ ಕುಳಿತಿದ್ದ ಹುಡುಗಿಯೂ ಗಂಟು ಕಟ್ಟುತ್ತಾಳೆ. ತೋರಿಸದೇ ಇದ್ದರೆ, ನಮ್ಮ ರಾಜಧಾನಿಯಲ್ಲಿ ಮುಖಲಕ್ಷಣದ ಕಾರಣದಿಂದ ಇಷ್ಟು ಜನ ಅಸುರಕ್ಷಿತರೆಂದು ಭಾವಿಸಿದ್ದಾರೆ ಎಂಬ ಕಹಿಸತ್ಯ ಮುಚ್ಚಿಹೋಗುತ್ತದೆ. ಇಲ್ಲಿ ಪತ್ರಕರ್ತರ ಮುಂದಿದ್ದ ದಾರಿ ಒಂದೇ: ಓಡುವವರ ಜೊತೆಗೆ ಉಳಿದವರನ್ನೂ ಮಾತನಾಡಿಸುವುದು, ವದಂತಿಯ ಜೊತೆಗೇ ಅದನ್ನು ಪರಿಶೀಲಿಸಿದ ಫಲವನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕುವುದು, ತಮ್ಮ ಮನೆಯ ಬಾಡಿಗೆದಾರರನ್ನು 'ಹೋಗಬೇಡಿ, ನಾವಿದ್ದೇವೆ' ಎಂದು ತಡೆದವರನ್ನೂ ಹುಡುಕಿ ಬರೆಯುವುದು.

ಇದಕ್ಕೆ ವಿರುದ್ಧವಾದ ದಾರಿ ಎಲ್ಲಿಗೆ ಮುಟ್ಟಿಸುತ್ತದೆಂದು ರುವಾಂಡಾ ದೇಶ 1994ರಲ್ಲಿ ತೋರಿಸಿತು. ಅಲ್ಲಿಯ ಒಂದು ರೇಡಿಯೋ ಕೇಂದ್ರ ಟುಟ್ಸಿ ಜನರನ್ನು 'ಜಿರಳೆಗಳು' ಎಂದು ಕರೆಯಿತು. ಅವರ ಹೆಸರುಗಳನ್ನೂ ಅಡಗುತಾಣಗಳನ್ನೂ ಬಿತ್ತರಿಸಿತು. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಹತರಾದರೆಂಬ ಅಂದಾಜಿದೆ. 2003ರಲ್ಲಿ ವಿಶ್ವಸಂಸ್ಥೆಯ ನ್ಯಾಯಮಂಡಳಿ ಮೂವರು ಮಾಧ್ಯಮದವರನ್ನು ಅಪರಾಧಿಗಳೆಂದು ಘೋಷಿಸಿತು. ನಾವು ನಡುಗಬೇಕಾದ ಸಂಗತಿ ಇನ್ನೊಂದಿದೆ. ರುವಾಂಡಾದ ಬಹುಪಾಲು ಜನ ಕ್ರೈಸ್ತರು, ಅವರಲ್ಲಿ ಕಥೋಲಿಕರೇ ಹೆಚ್ಚು. ಕೊಂದವರೂ ಸತ್ತವರೂ ಒಂದೇ ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆದವರಾಗಿದ್ದರು. ಭಾನುವಾರದ ಬಲಿಪೂಜೆ ರೇಡಿಯೋದ ಮಾತನ್ನು ತಡೆಯಲಿಲ್ಲ.

ಮುಚ್ಚಿಟ್ಟರೆ ಒಳಿತೇ?

"ಹಾಗಾದರೆ ಜಾತಿ, ಬಣ್ಣ, ಕೋಮು ಯಾವುದನ್ನೂ ಬರೆಯದಿದ್ದರಾಯಿತಲ್ಲ?" ಎಂದು ಕೇಳಬಹುದು. ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆಯ ಸೂತ್ರಗಳು ಅಂಥ ಸಂಯಮವನ್ನು ಬೋಧಿಸುತ್ತವೆ. ವ್ಯಕ್ತಿಯ ಜಾತಿಯನ್ನು, ಅದರಲ್ಲೂ ಆ ಜಾತಿಗೆ ಕುಂದು ತರುವಂಥ ಸಂದರ್ಭದಲ್ಲಿ, ಹೆಸರಿಸಬಾರದು ಎಂಬುದು ಅವುಗಳ ಸಾರ. ಅದರಂತೆ ನಮ್ಮ ಹಿರಿಯ ಪತ್ರಿಕೆಗಳು 'ಒಂದು ಕೋಮಿನವರು', 'ಇನ್ನೊಂದು ಗುಂಪಿನವರು' ಎಂದು ಬರೆಯುವ ಪದ್ಧತಿ ಇಟ್ಟುಕೊಂಡಿದ್ದವು. ಆ ಪದ್ಧತಿಯ ಹಿಂದೆ ಸದುದ್ದೇಶವಿತ್ತು. ಅದರಿಂದ ಎಷ್ಟೋ ಊರುಗಳು ಉಳಿದಿರಲೂಬಹುದು.

ಆದರೆ ಊರ ಬಾಯಿಗೆ ಮುಚ್ಚಳವಿಲ್ಲ. ಪತ್ರಿಕೆ ಬಿಟ್ಟ ಜಾಗವನ್ನು ಇಂದು ಮೊಬೈಲು ತುಂಬುತ್ತದೆ, ಅದೂ ತನಗೆ ಬೇಕಾದ ಹೆಸರಿನಿಂದ. ಅಲ್ಲದೆ, ಎಲ್ಲ ಕಡೆಯೂ ಮೌನವೇ ನಿಯಮವಾದರೆ ಹೆಸರಘಟ್ಟದ ವಿದ್ಯಾರ್ಥಿನಿಯ ನೋವಿಗೂ, ಜಾತಿಯ ಕಾರಣಕ್ಕೆ ಬಾವಿಯಿಂದ ದೂರ ಇಡಲ್ಪಟ್ಟವರ ನೋವಿಗೂ ಮಾತೇ ಇಲ್ಲದಂತಾಗುತ್ತದೆ. ಮೌನವೂ ಒಂದು ಸುಳ್ಳುಸಾಕ್ಷಿಯಾಗಬಲ್ಲದು. ಆದ್ದರಿಂದ ಬೇಕಾಗಿರುವುದು ಮೌನವಲ್ಲ, ವಿವೇಕ.

ಆ ವಿವೇಕಕ್ಕೆ ಮಾದರಿ ಬೇಕೆಂದರೆ ಪ್ರಭು ಯೇಸು ಹೇಳಿದ ಒಂದು ಸಾಮತಿಯನ್ನೇ ನೆನೆಯೋಣ. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿಯಲ್ಲಿ ಒಬ್ಬರನ್ನು ಕಳ್ಳರು ಹೊಡೆದು ಕೆಡವಿದರು. ಕಳ್ಳರು ಯಾವ ಜನಾಂಗದವರು? ಪ್ರಭು ಹೇಳಲಿಲ್ಲ. ಪೆಟ್ಟು ತಿಂದವರು ಯಾವ ಕುಲದವರು? ಅದನ್ನೂ ಹೇಳಲಿಲ್ಲ. ಕಂಡೂ ಕಾಣದಂತೆ ದಾಟಿಹೋದವರು ಯಾಜಕರು, ಲೇವಿಯರು ಎಂದು ಅವರ ಹುದ್ದೆಯನ್ನು ಹೇಳಿದರು. ಏಕೆಂದರೆ ನಿಲ್ಲಬೇಕಾದ ಹೊಣೆ ಆ ಹುದ್ದೆಯಲ್ಲೇ ಇತ್ತು. ಗಾಯ ಕಟ್ಟಿದವರು ಸಮಾರಿಯದವರು ಎಂದು ಬಾಯಿಬಿಟ್ಟು ಹೇಳಿದರು. ಕೇಳುತ್ತಿದ್ದ ಯೆಹೂದ್ಯರು ಹಗೆಯಿಂದ ಕಾಣುತ್ತಿದ್ದ ಜನಾಂಗದ ಹೆಸರದು. ಅದನ್ನು ಬಿಟ್ಟು ಯಾರೋ ಒಬ್ಬ ಪ್ರಯಾಣಿಕ ಎಂದಿದ್ದರೆ ಕಥೆಯ ಜೀವವೇ ಹೋಗುತ್ತಿತ್ತು.

ಯಾರ ಗುರುತನ್ನು ಹೇಳಬೇಕು, ಯಾರದನ್ನು ಬಿಡಬೇಕು ಎಂಬುದಕ್ಕೆ ಇದಕ್ಕಿಂತ ಸರಳವಾದ ಅಳತೆ ಸಿಗುವುದು ಕಷ್ಟ. ಆ ಗುರುತು ಇಲ್ಲದೆ ನಡೆದದ್ದು ತಪ್ಪಾಗಿ ಅರ್ಥವಾಗುತ್ತದೆಯೇ? ಹಾಗಾದರೆ ಧೈರ್ಯವಾಗಿ ಹೇಳಬೇಕು. ಆ ಗುರುತು ಇಲ್ಲದೆಯೂ ನಡೆದದ್ದು ಪೂರ್ಣವಾಗಿ ಅರ್ಥವಾಗುತ್ತದೆಯೇ? ಹಾಗಾದರೆ ಅದನ್ನು ಸೇರಿಸುವುದು ನೆರೆಯವರ ಮೇಲೆ ಹೊರೆ ಹೊರಿಸುವುದು. ನಾವು ಸಾಮಾನ್ಯವಾಗಿ ಮಾಡುವುದು ಇದರ ವಿರುದ್ಧ. ಕಳ್ಳರ ಕುಲವನ್ನು ಹುಡುಕಿ ತೆಗೆಯುತ್ತೇವೆ, ಗಾಯ ಕಟ್ಟಿದವರ ಕುಲವನ್ನು ಮರೆತುಬಿಡುತ್ತೇವೆ.

ಕ್ರಿಯಾಪದದಲ್ಲಿರುವ ಮರ್ಯಾದೆ

ಇಂಗ್ಲಿಷ್ ಪತ್ರಿಕೆಗಳು ಕಪ್ಪು ಜನಾಂಗವನ್ನು ಸೂಚಿಸುವ ಶಬ್ದವನ್ನು ದೊಡ್ಡ ಅಕ್ಷರದಿಂದ ಆರಂಭಿಸಬೇಕೇ ಎಂದು 2020ರಲ್ಲಿ ಚರ್ಚಿಸಿ, ಹಲವು ಪತ್ರಿಕೆಗಳು ಹಾಗೆ ಮಾಡಲು ತೀರ್ಮಾನಿಸಿದವು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳಿಲ್ಲ. ನಮ್ಮ ಮರ್ಯಾದೆ ಇರುವುದು ಕ್ರಿಯಾಪದದ ಕೊನೆಯಲ್ಲಿ. ಶಾಸಕರು 'ಹೇಳಿದರು', ತಹಶೀಲ್ದಾರರು 'ತಿಳಿಸಿದರು', ಆದರೆ ಎಪ್ಪತ್ತು ವರ್ಷದ ಕೂಲಿಕಾರ 'ಅಳಲು ತೋಡಿಕೊಂಡ'. ಬಂಧಿತನಾದವನಂತೂ ನ್ಯಾಯಾಲಯ ಅಪರಾಧಿ ಎನ್ನುವ ಮೊದಲೇ 'ಅವನು' ಆಗಿಬಿಡುತ್ತಾನೆ. ಯಾರಿಗೆ 'ರು', ಯಾರಿಗೆ 'ನು' ಎಂಬುದನ್ನು ಒಂದು ವಾರ ಪತ್ರಿಕೆಯಲ್ಲಿ ಗಮನಿಸಿ ನೋಡಿ. ಬಣ್ಣವನ್ನಾಗಲಿ ಜಾತಿಯನ್ನಾಗಲಿ ಹೆಸರಿಸದೆಯೂ ಯಾರು ಮೇಲೆ, ಯಾರು ಕೆಳಗೆ ಎಂದು ಆ ಒಂದಕ್ಷರ ಹೇಳಿಬಿಡುತ್ತದೆ. ಹಳೆಯ ಬರಹಗಳಲ್ಲಿ ಸಿದ್ದಿಗಳಿಗೆ ಅಂಟಿಸಿದ 'ನೀಗ್ರೋ' ಎಂಬ ಶಬ್ದವನ್ನು ಇಂದು ತೆಗೆದುಹಾಕಿದರೆ ಸಾಲದು. ಅವರ ಹಿರಿಯರಿಗೆ 'ಹೇಳಿದರು' ಎಂದು ಬರೆಯುವ ರೂಢಿಯೂ ಬರಬೇಕು. ಅವರ ಮಕ್ಕಳೇ ವರದಿಗಾರರಾಗಿ ತಮ್ಮ ಊರಿನ ಸುದ್ದಿಯನ್ನು ತಾವೇ ಬರೆಯುವ ದಿನ ಬಂದರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಏನು ಮಾಡಬಹುದು?

ಪತ್ರಕರ್ತರಿಗೆ ಬುದ್ಧಿ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಅವರು ಬಡಿಸ

ುವುದು ನಾವು ಬೇಡಿದ ಊಟವನ್ನೇ. ಗಂಟೆಯೊಳಗೆ ಹೆಸರು ಬೇಕೆಂದು ನಾವು ಹಟ ಹಿಡಿದರೆ, ಗಂಟೆಯೊಳಗೆ ಯಾವುದೋ ಒಂದು ಹೆಸರು ಬಂದೇ ಬರುತ್ತದೆ.

ತಂದೆತಾಯಂದಿರು ಮನೆಯಲ್ಲಿ ಕೆಲವು ಸಣ್ಣ ರೂಢಿಗಳನ್ನು ಬೆಳೆಸಬಹುದು. ಊಟದ ಹೊತ್ತಿನಲ್ಲಿ ಸುದ್ದಿಯ ಮಾತು ಬಂದಾಗ "ಯಾವ ಪೈಕಿಯವರು?" ಎಂದು ಕೇಳುವ ಮೊದಲು "ಯಾರಿಗೆ ನೋವಾಯಿತು?" ಎಂದು ಕೇಳುವುದು ಒಂದು. ಮೊಬೈಲಿಗೆ ಬಂದ ಭಯದ ಸಂದೇಶವನ್ನು ಒಂದು ರಾತ್ರಿ ಹಾಗೆಯೇ ಇಟ್ಟು, ಬೆಳಿಗ್ಗೆಯೂ ಅದು ನಿಜವಾಗಿ ಉಳಿದಿದೆಯೇ ಎಂದು ನೋಡುವುದು ಇನ್ನೊಂದು. ತಪ್ಪು ಸುದ್ದಿಯನ್ನು ಹತ್ತು ಜನರಿಗೆ ಹೇಳಿದ್ದರೆ, ಸರಿಯಾದದ್ದು ತಿಳಿದಾಗ ಅದೇ ಹತ್ತು ಜನರನ್ನು ಹುಡುಕಿ ಹೇಳುವುದು ಮೂರನೆಯದು. ಕದ್ದ ಹಣವನ್ನು ಹಿಂದಿರುಗಿಸದೆ ಪಾಪನಿವೇದನೆ ಪೂರ್ಣವಾಗುವುದಿಲ್ಲವೆಂದು ನಾವು ಬಲ್ಲೆವು. ಕಳೆದ ಮಾನವನ್ನೂ ಹಿಂದಿರುಗಿಸಬೇಕೆಂಬುದು ಅದೇ ನ್ಯಾಯ.

ಊರಿನ ವರದಿಗಾರರು ಸಂಕಟದ ದಿನ "ಇನ್ನೂ ಖಚಿತವಾಗಿಲ್ಲ, ನಾಳೆ ಬರೆಯುತ್ತೇನೆ" ಎಂದರೆ ಅವರನ್ನು ಹೇಡಿಯೆಂದು ಹೀಯಾಳಿಸದಿರೋಣ. ಎಲ್ಲರೂ ಹೆಸರು ಕೂಗುತ್ತಿರುವಾಗ ಗೊತ್ತಿಲ್ಲ ಎನ್ನುವುದಕ್ಕೆ ಬೇಕಾದ ಧೈರ್ಯ ಚಿಕ್ಕದಲ್ಲ. ಹಾಗೆಯೇ, ಎಲ್ಲರೂ ಮುಚ್ಚಿಡಲು ಬಯಸಿದಾಗ "ಇವರಿಗೆ ಪೆಟ್ಟು ಬಿದ್ದದ್ದು ಇವರ ಬಣ್ಣಕ್ಕಾಗಿ" ಎಂದು ಬರೆದವರ ಜೊತೆ ನಿಲ್ಲೋಣ. ಈ ಎರಡು ದಿನಗಳಲ್ಲೂ ಅವರು ಕಾಯುತ್ತಿರುವುದು ಎಕ್ಕಂಬಿಯ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟಿನಲ್ಲಿ ಕುಳಿತಿರುವವರ ಮಾನವನ್ನು, ಮತ್ತು ನಮ್ಮದನ್ನು.